ವೀಳ್ಯ ಹಿಡಿದ ಪಾತ್ರ

ನನ್ನ ಮೊಮ್ಮಗಳು ಸಿನಿಮಾ ಮಾಡುತ್ತಿದ್ದಾಳೆ. ಇದನ್ನು ಬರೆಯುವ ಮುಂಚೆಯೇ ಊರಿಗೆಲ್ಲ ಹೇಳಿ ಆಗಿದೆ. ಹಾಲಿನ ಡೈರಿಯಲ್ಲಿ ಹೇಳಿದ್ದೇನೆ, ಕುದೂರಿನ ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳಿದ್ದೇನೆ, ಕೇಳಿದವರಿಗೇ ಇನ್ನೊಂದು ಸಲ ಹೇಳಿ ಬೈಸಿಕೊಂಡಿದ್ದೇನೆ. ಆದರೆ ಅಷ್ಟು ಹೇಳಿದರೆ ಅರ್ಧ ಮಾತ್ರ ಹೇಳಿದ ಹಾಗೆ. ಆ ಸಿನಿಮಾ ಆಗುತ್ತದೋ ಇಲ್ಲವೋ ಎಂದು ತೀರ್ಮಾನವಾದದ್ದು ನಮ್ಮೂರ ಭಜನೆ ಮನೆಯಲ್ಲಿ, ಒಂದು ಭಾನುವಾರ. ಅವತ್ತಿನ ವಿಷಯ ಬಾಯಲ್ಲಿ ಹೇಳಲು ಹೋದರೆ ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಅಕ್ಷರ ಕೈಗೆ ಹತ್ತಿದ್ದು ಆಮೇಲೆ, ನಾಟಕದ ಪುಸ್ತಕ ಓದಿ ಓದಿ. ತಿಪ್ಪಸಂದ್ರದ ಸುತ್ತಮುತ್ತ ಪೌರಾಣಿಕ ನಾಟಕ ಆಡದ ಊರಿಲ್ಲ. ಹೊಲದ ಕೆಲಸ ಮುಗಿದ ತಿಂಗಳಲ್ಲಿ ಕುದೂರಿನಿಂದ ನಾಟಕದ ಮೇಷ್ಟ್ರು ಹಾರ್ಮೋನಿಯಂ ತರುತ್ತಿದ್ದರು, ಭಜನೆ ಮನೆಯಲ್ಲಿ ತಾಲೀಮು ನಡೆಯುತ್ತಿತ್ತು. ಈ ಹುಡುಗಿ, ನನ್ನ ಮಗಳ ಮಗಳು, ರಜಕ್ಕೆ ಬಂದಾಗಲೆಲ್ಲ ನನ್ನ ತೊಡೆಯ ಮೇಲೆ ಕೂತು ತಾಲೀಮು ನೋಡುತ್ತಿದ್ದಳು. ನಾನು ಎದ್ದು ನಿಂತು ಮಾತು ಮರೆತರೆ ಕೆಳಗಿನಿಂದ ಅವಳೇ ಹೇಳಿಕೊಡುತ್ತಿದ್ದಳು.

ಅವಳು ಹೈಸ್ಕೂಲಿಗೆ ಬಂದ ವರ್ಷ ಒಂದು ದಪ್ಪ ಪುಸ್ತಕ ತಂದಳು. ಒಂದಲ್ಲ, ಮೂರು ಸಂಪುಟ. ಬರೆದವರು ಮಾಗಡಿಯಲ್ಲಿ ಪಾಠ ಹೇಳಿ ನಿವೃತ್ತರಾದ ಒಬ್ಬ ಮೇಡಂ. ಅದರಲ್ಲಿ ಒಂದು ನಾಡಿದೆ. ಅಲ್ಲಿಯ ಬಂಡೆಗಳಿಗೆ ಜೀವವಿದೆ, ಉಸಿರಿದೆ. ಒಬ್ಬ ರಾಣಿ ಮಂತ್ರ ಹಾಕಿ ಬಂಡೆಗಳ ಉಸಿರು ಕಟ್ಟಿಸಿ ಅವುಗಳ ಮೇಲೆ ಕೋಟೆ ಕಟ್ಟಿಕೊಂಡಿದ್ದಾಳೆ. ಬಂಡೆ ಉಸಿರಾಡದಿದ್ದರೆ ಒರತೆ ಇಲ್ಲ, ಒರತೆ ಇಲ್ಲದಿದ್ದರೆ ನೀರಿಲ್ಲ. ಕುರಿ ಕಾಯುವ ಹುಡುಗಿಯೊಬ್ಬಳು ಕಣಿವೆ ಮೇಲೆ ಕಣಿವೆ ದಾಟಿ ಬಂಡೆಗಳ ಹಿರಿಯನನ್ನು ಎಬ್ಬಿಸಲು ಹೊರಡುತ್ತಾಳೆ. ಮೊಮ್ಮಗಳು ನಮ್ಮ ಜಗಲಿಯ ಮೇಲೆ ಕೂತು ಅದನ್ನು ಓದುತ್ತಾ ಊಟಕ್ಕೆ ಕರೆದರೆ ಕಣ್ಣೆತ್ತುತ್ತಿರಲಿಲ್ಲ. ಓದಿ ಮುಗಿಸಿದ ದಿನ ಸಾವನದುರ್ಗದ ಬಂಡೆಯ ಕಡೆ ಮುಖ ಮಾಡಿ ಬಹಳ ಹೊತ್ತು ನಿಂತಿದ್ದಳು. ಏನು ನೋಡುತ್ತಿದ್ದೀಯ ಅಂದರೆ, ಉಸಿರಾಡುತ್ತಾ ಇದೆಯಾ ಅಂತ ನೋಡ್ತಿದ್ದೀನಿ ತಾತ ಅಂದಳು.

ದೊಡ್ಡವಳಾದಳು. ಸಿನಿಮಾ ಕಲಿತಳು, ಅವರಿವರ ಕೈಕೆಳಗೆ ದುಡಿದಳು. ಬೇರೆ ಕಥೆ ಕೊಡುತ್ತೇವೆ ಅಂದವರಿಗೆಲ್ಲ ಬೇಡ ಅಂದಳು. ಮಾಡಿದರೆ ಆ ಪುಸ್ತಕ, ಇಲ್ಲದಿದ್ದರೆ ಏನೂ ಇಲ್ಲ ಅಂತ ಕೂತಳು. ಕೊನೆಗೆ ನಿರ್ಮಾಪಕರೊಬ್ಬರು ಒಪ್ಪಿದರು. ಉಳಿದದ್ದು ಮೇಡಂ ಅವರ ಒಪ್ಪಿಗೆ. ಅವರಿಗೆ ವಯಸ್ಸಾಗಿದೆ, ಕಣ್ಣು ಪೂರ್ತಿ ಹೋಗಿದೆ. ಅವರು ಹೇಳಿದ್ದು ಇಷ್ಟೇ: ಚಿತ್ರಕಥೆಯನ್ನು ಮೊದಲಿನಿಂದ ಕೊನೆಯವರೆಗೆ ನನಗೆ ಕೇಳಿಸಿ. ಕೇಳಿದ ಮೇಲೆ ಹೂಂ ಅಂದರೆ ಹೂಂ, ಬೇಡ ಅಂದರೆ ಮತ್ತೆ ಯಾರೂ ನನ್ನ ಮನೆ ಬಾಗಿಲಿಗೆ ಬರಬಾರದು.

ಮೊಮ್ಮಗಳು ಹೋಗಿ ಒಬ್ಬಳೇ ಓದಲು ಶುರು ಮಾಡಿದಳಂತೆ. ಅವರು ಸ್ವಲ್ಪ ಹೊತ್ತಿಗೇ ಕೈಯೆತ್ತಿ ನಿಲ್ಲಿಸಿದರಂತೆ. ಒಂದೇ ದನಿಯಲ್ಲಿ ಎಲ್ಲರೂ ಮಾತಾಡಿದರೆ ಯಾರು ಯಾರಿಗೆ ಹೇಳುತ್ತಿದ್ದಾರೆ ಅಂತ ತಿಳಿಯುವುದಿಲ್ಲ, ನನ್ನ ಜನ ನನಗೆ ಸಿಗುತ್ತಿಲ್ಲ ಅಂದರಂತೆ. ಅವಳು ಅಲ್ಲಿಂದ ಸೀದಾ ನಮ್ಮೂರಿಗೆ ಬಂದಳು. ತಾತ, ನಿಮ್ಮ ನಾಟಕದವರನ್ನ ಕರೆಸು, ಒಬ್ಬೊಬ್ಬರಿಗೆ ಒಂದೊಂದು ಪಾತ್ರ ಕೊಡ್ತೀನಿ, ಮೇಡಂನ ಇಲ್ಲಿಗೇ ಕರ್ಕೊಂಡ್ ಬತ್ತೀನಿ ಅಂದಳು. ನನಗೆ ಆದ ಸಂತೋಷ ಎಷ್ಟೆಂದರೆ, ಆಗಷ್ಟೇ ಕರೆದ ಹಾಲನ್ನು ಅಲ್ಲೇ ಕೊಟ್ಟಿಗೆಯಲ್ಲಿ ಮರೆತು ಮೇಷ್ಟ್ರಿಗೆ ಫೋನು ಮಾಡಲು ಓಡಿದೆ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ನಾಟಕ ಕೂಡಿಸುವ ದಿನ ಮೇಷ್ಟ್ರು ಎಲೆ ಅಡಿಕೆ ಇಟ್ಟುಕೊಂಡು ಕೂರುತ್ತಾರೆ. ಇಂಥವನಿಗೆ ಇಂಥ ಪಾತ್ರ ಎಂದು ಹೇಳಿ ವೀಳ್ಯ ಕೊಡುತ್ತಾರೆ. ವೀಳ್ಯ ಹಿಡಿದವನಿಗೆ ಆ ಪಾತ್ರ ಸೇರಿತು. ವೇಷ, ಸೀನಿನ ಪರದೆ, ದೀಪ ಎಲ್ಲದರ ಖರ್ಚಿನ ಪಾಲೂ ಅವನದೇ. ಆದ್ದರಿಂದ ಅವನ ಒಂದು ಪದ್ಯವನ್ನೂ ಯಾರೂ ಕೀಳುವ ಹಾಗಿಲ್ಲ, ಮೇಷ್ಟ್ರೂ ಕೀಳುವ ಹಾಗಿಲ್ಲ. ನಮ್ಮ ನಾಟಕಗಳು ಬೆಳಗಾಗುವ ತನಕ ನಡೆಯುವುದು ಅದಕ್ಕೇ. ಒಮ್ಮೆ ಪಕ್ಕದೂರಲ್ಲಿ ಮಳೆ ಬರುತ್ತದೆಂದು ಒಬ್ಬನ ಪದ್ಯ ಬಿಟ್ಟು ಮುಂದೆ ಹೋದರು. ಆ ಎರಡು ಮನೆಯವರು ಇವತ್ತಿಗೂ ಒಬ್ಬರ ಮದುವೆಗೆ ಒಬ್ಬರು ಹೋಗುವುದಿಲ್ಲ.

ಮೊಮ್ಮಗಳಿಗೆ ಎಲೆ ಅಡಿಕೆ ಕೊಡಿಸಿ, ಕ್ರಮವಾಗಿ ವೀಳ್ಯ ಕೊಡು, ಮುದುಕರಿಗೆ ಗೌರವ ಆಗುತ್ತದೆ ಅಂದವನು ನಾನೇ. ಅವಳು ಲಕ್ಷಣವಾಗಿ ಸೆರಗು ಸಿಕ್ಕಿಸಿಕೊಂಡು ಕೂತು ಕೊಟ್ಟಳು. ರಾಣಿಯ ಪಾತ್ರ ನಮ್ಮಲ್ಲಿ ಹೆಣ್ಣುವೇಷ ಕಟ್ಟುತ್ತಿದ್ದ ಮೀಸೆಯ ಗೌಡರಿಗೆ ಹೋಯಿತು. ಕುರಿ ಕಾಯುವ ಹುಡುಗಿಯ ಮಾತು ಅವಳದೇ. ನನಗೆ ಬಂಡೆಗಳ ಹಿರಿಯ. ಅವನು ಇಡೀ ಕಥೆಯಲ್ಲಿ ಆಡುವುದು ಒಂದೇ ಮಾತು, ಅದೂ ಕೊನೆಯಲ್ಲಿ.

ನನ್ನ ತಂಗಿಯ ಗಂಡ ಪಕ್ಕದಲ್ಲೇ ಕೂತಿದ್ದ. "ನಿಂಗೆ ಸರ್ಯಾದ ಪಾರ್ಟು ಕೊಟ್ಟವ್ಳೆ ಕಣ್ ಭಾವ," ಅಂದ. "ಸುಮ್ಕೆ ಕುಂತಿದ್ರಾಯ್ತು. ಮನೇಲೂ ಅದ್ನೇ ಅಲ್ವಾ ಮಾಡೋದು."

ಎಲ್ಲರೂ ನಕ್ಕರು. ನಾನು ಮಾತ್ರ ಅವನ ಮುಖ ನೋಡಿದೆ. ನನ್ನ ತಂಗಿ ಹೋದ ಮೇಲೆ ಅವನ ಬಾಯಿಂದ ನಾನು ಕೇಳಿದ ಮೊದಲ ತಮಾಷೆ ಅದು. ಅವಳು ತೀರಿಕೊಂಡಾಗಿನಿಂದ ಅವನು ಯಾರ ಜೊತೆಯೂ ಸೇರದೆ, ಕೇಳಿದ್ದಕ್ಕೆ ಹೂಂ ಉಹೂಂ ಅಷ್ಟೇ ಅಂದುಕೊಂಡು, ಎಮ್ಮೆ ಹಿಂದೆ ಹೋಗಿ ಎಮ್ಮೆ ಹಿಂದೆ ಬರುತ್ತಿದ್ದ.

ಅವನಿಗೆ ಬಂದದ್ದು ಐದನೇ ಕಣಿವೆಯ ಕಾವಲುಗಾರನ ಪಾತ್ರ. ಆ ಕಾವಲುಗಾರ ಹೋಗಿ ಬರುವವರನ್ನು ನಿಲ್ಲಿಸಿ, ಮನೆಯಲ್ಲಿ ಏನು ಬಿಟ್ಟು ಬಂದೆ ಅಂತ ಕೇಳುತ್ತಾನೆ. ಹೇಳಿದವರಿಗೆ ದಾರಿ ಬಿಡುತ್ತಾನೆ. ಕುರಿ ಹುಡುಗಿ ಮಾತ್ರ ಅವನನ್ನು ತಿರುಗಿ ಕೇಳುತ್ತಾಳೆ, ನೀನೇನು ಬಿಟ್ಟು ಬಂದೆ ಅಂತ. ಆಗ ಅವನು ತನ್ನದನ್ನು ಹೇಳುತ್ತಾನೆ. ಪುಸ್ತಕ ಓದಿದವರೆಲ್ಲ ಮೊದಲು ನೆನೆಸಿಕೊಳ್ಳುವುದು ಆ ಅಧ್ಯಾಯವನ್ನೇ ಅಂತ ಮೊಮ್ಮಗಳು ಹೇಳಿದಳು. ತಂಗಿಯ ಗಂಡನಿಗೆ ಓದು ಬಾರದು. ಅವಳು ಆ ಮಾತನ್ನು ಅವನ ಫೋನಿನಲ್ಲಿ ತುಂಬಿಸಿ ಕೊಟ್ಟಳು. ಕೆರೆ ಏರಿಯ ಮೇಲೆ ಎಮ್ಮೆ ಮೇಯಿಸುತ್ತಾ ಅವನು ಅದನ್ನು ಕೇಳುವುದು, ಹೇಳುವುದು, ಮತ್ತೆ ಕೇಳುವುದು.

ತಾಲೀಮು ಸುಲಭವಾಗಿರಲಿಲ್ಲ. ನಮಗೆ ಮಾತು ಅಂದರೆ ರಾಗ ಎಳೆದು, ಕೈ ಎತ್ತಿ, ಕೊನೆಯ ಸಾಲಿನ ಜನಕ್ಕೆ ಕೇಳಿಸುವ ಹಾಗೆ ಹೇಳುವುದು. ಅವಳು ತಲೆ ಹಿಡಿದುಕೊಂಡು ಕೂರುತ್ತಿದ್ದಳು. ಹಸು ಜೊತೆ ಮಾತಾಡೋ ಹಾಗೆ ಆಡಿ, ನಿಮ್ಮ ಮನೆ ಮಾತಲ್ಲೇ ಆಡಿ ಎಂದು ಕೇಳಿಕೊಂಡಳು. ಮೀಸೆಯ ಗೌಡರು ಹಸುವನ್ನೂ ರಾಣಿಯ ಗತ್ತಿನಲ್ಲೇ ಮಾತಾಡಿಸುವವರು, ಅವರನ್ನು ಬದಲಾಯಿಸಲು ಆಗಲಿಲ್ಲ. ಹಾರ್ಮೋನಿಯಂ ಬೇಕಾಗುವುದಿಲ್ಲ ಎಂದಾಗ ಮೇಷ್ಟ್ರ ಮುಖ ಬಾಡಿತು. ಒಂದು ಜಾಗ ಮುಗಿದು ಇನ್ನೊಂದು ಜಾಗ ಬರುವಾಗ ಒಂದೆಳೆ ಶ್ರುತಿ ಹಿಡಿಯಿರಿ ಸಾರ್, ಮೇಡಂಗೆ ಗೊತ್ತಾಗುತ್ತೆ ಅಂದಳು. ಅವರು ಮಗುವಿನ ಹಾಗೆ ಖುಷಿಯಾದರು. ಇಂಥ ಬುದ್ಧಿ ಈ ಹುಡುಗಿಗೆ ಎಲ್ಲಿಂದ ಬಂತೋ, ನನ್ನ ಕಡೆಯಿಂದ ಅಂತೂ ಅಲ್ಲ.

ಭಾನುವಾರ ಹತ್ತಿರ ಬಂದ ಹಾಗೆ ಅವಳ ನಿದ್ದೆ ಹೋಯಿತು. ಎಷ್ಟು ಇಳಿಸಿದರೂ ಸಿನಿಮಾ ಉದ್ದವಾಗುತ್ತಿದೆ, ಅದಕ್ಕಿಂತ ಹೆಚ್ಚಾಗಿ ಐದನೇ ಕಣಿವೆಯಲ್ಲಿ ಕಥೆ ಕೂತುಬಿಡುತ್ತಿದೆ ಅಂದಳು. ಹಿಂದೆ ಮುಂದೆ ಮಾಡಿ ನೋಡಿದಳು, ಅರ್ಧ ಮಾಡಿ ನೋಡಿದಳು. ಕೊನೆಗೆ ಕಾವಲುಗಾರನನ್ನು ಪೂರ್ತಿ ತೆಗೆದಳು. ತೆಗೆದ ಮೇಲೆ ಹಿತ್ತಲಿಗೆ ಹೋಗಿ ನಿಂತಳು. ಆ ಅಧ್ಯಾಯ ಅಂದರೆ ಮೇಡಂಗೆ ಪ್ರಾಣ, ಅದಿಲ್ಲ ಅಂತ ಗೊತ್ತಾದ ಕೂಡಲೇ ಎದ್ದು ಹೋಗುತ್ತಾರೆ, ಎಲ್ಲ ಅಲ್ಲಿಗೇ ಮುಗಿಯುತ್ತದೆ ಎಂದಳು. ಹಾಗಾದರೆ ಇಟ್ಟುಕೋ ಮಗ ಅಂದೆ. "ಇಟ್ಕೊಂಡ್ರೆ ಸಿನಿಮಾ ಸಾಯುತ್ತೆ ತಾತ," ಅಂದಳು.

ಆಗ ನನಗೆ ವೀಳ್ಯದ ನೆನಪಾಯಿತು. ಕೊಟ್ಟ ವೀಳ್ಯಕ್ಕೆ ಏನರ್ಥ ಎಂದು ಅವಳಿಗೆ ಹೇಳಿದೆ. ಅವಳು ಹೆದರಿಕೊಂಡು ಆಗಲೇ ನನ್ನ ತಂಗಿಯ ಗಂಡನ ಮನೆಗೆ ಹೊರಟಳು, ನಾನೂ ಹಿಂದೆ ಹೋದೆ. ಸಣ್ಣತಾತ, ನಿಮ್ಮ ಪಾತ್ರ ತೆಗೀಬೇಕಾಯ್ತು, ತಪ್ಪು ತಿಳ್ಕೋಬೇಡಿ ಎಂದು ಹೇಳುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು. ಅವನು ಎಮ್ಮೆಯ ಬೆನ್ನು ಸವರುತ್ತಾ ಕೇಳಿಸಿಕೊಂಡ. ಆಗ್ಲಿ ಕಣವ್ವ ಅಂದ. ಹಾಲು ಕಾಯಿಸಿ ಕೊಟ್ಟ. ಅವಳು ಹಗುರವಾಗಿ ಬಂದಳು. ನನಗೆ ಹಗುರವಾಗಲಿಲ್ಲ. ಅವನ ಹೂಂ ಯಾವುದು, ಉಹೂಂ ಯಾವುದು ಅಂತ ನನ್ನ ತಂಗಿಗೆ ತಿಳಿಯುತ್ತಿತ್ತು, ನನಗೆ ತಿಳಿಯುತ್ತಿರಲಿಲ್ಲ.

ಭಾನುವಾರ ಬೆಳಗ್ಗೆ ಮೇಡಂ ಬಂದರು. ತೆಳ್ಳಗೆ, ಎತ್ತರಕ್ಕೆ, ಬಿಳಿಯ ತಲೆ. ಮೊಮ್ಮಗಳ ತೋಳು ಹಿಡಿದು ಒಳಗೆ ಬಂದು ಗೋಡೆ ಮುಟ್ಟಿ ನೋಡಿದರು. ಕಲ್ಲಿನ ಕಟ್ಟಡವಾ ಅಂದರು. ಹೌದು ಅಂದೆವು. ಒಳ್ಳೇದು ಅಂತ ಕುರ್ಚಿಯಲ್ಲಿ ಕೂತರು. ಊರಿನವರು ಬಾಗಿಲಲ್ಲಿ, ಕಿಟಕಿಯಲ್ಲಿ ತುಂಬಿಕೊಂಡರು. ತಂಗಿಯ ಗಂಡನೂ ಬಂದ. ಗಡ್ಡ ತೆಗೆಸಿದ್ದ, ಒಗೆದ ಪಂಚೆ ಉಟ್ಟಿದ್ದ, ಹೋಗಿ ಕಂಬದ ಪಕ್ಕ ಕೂತ. ಕೇಳುವುದಕ್ಕೆ ಬಂದಿದ್ದಾನೆ ಅಂದುಕೊಂಡೆ.

ಓದು ಶುರುವಾಯಿತು. ಮೇಡಂ ಕಣ್ಣು ಮುಚ್ಚಿಕೊಂಡಿದ್ದರು. ಗೌಡರು ರಾಣಿಯಾಗಿ ಗುಡುಗಿದಾಗ ಅವರ ತುಟಿಯಲ್ಲಿ ಸಣ್ಣ ನಗು ಬಂದದ್ದು ನೋಡಿ ನನಗೆ ಧೈರ್ಯ ಬಂತು. ಮೊದಲ ಕಣಿವೆ ಆಯಿತು, ಎರಡನೆಯದು ಆಯಿತು. ಮೊಮ್ಮಗಳ ದನಿ ಮೊದಲು ನಡುಗುತ್ತಿದ್ದದ್ದು ಆಮೇಲೆ ನೆಟ್ಟಗಾಯಿತು. ಅವಳು ಓದುತ್ತಿರಲಿಲ್ಲ, ನಡೆಯುತ್ತಿದ್ದಳು. ನಾನು ಎಷ್ಟೋ ವರ್ಷ ಬಣ್ಣ ಹಚ್ಚಿದವನು, ಅಂಥ ದನಿ ನನಗೆ ಒಂದು ದಿನವೂ ಬರಲಿಲ್ಲ.

ನಾಲ್ಕನೇ ಕಣಿವೆ ಮುಗಿದು ಮೇಷ್ಟ್ರು ಶ್ರುತಿ ಹಿಡಿದರು. ಮೊಮ್ಮಗಳು ಹಾಳೆ ತಿರುಗಿಸಿ, ಹುಡುಗಿ ಐದನೇ ಕಣಿವೆಯ ಕಲ್ಲಿನ ಕಮಾನು ದಾಟುತ್ತಾಳೆ, ಸಂಜೆಯಾಗುತ್ತಿದೆ ಎಂದು ಓದಿದಳು. ಅಷ್ಟರಲ್ಲಿ ಕಂಬದ ಪಕ್ಕದಿಂದ ತಂಗಿಯ ಗಂಡ ಎದ್ದು ನಿಂತ. ಕೈ ಎತ್ತಲಿಲ್ಲ, ರಾಗ ಎಳೆಯಲಿಲ್ಲ. ಎಮ್ಮೆಯ ಜೊತೆ ಆಡುವ ದನಿಯಲ್ಲೇ ಶುರು ಮಾಡಿದ.

"ನಾ ಬುಟ್ಟು ಬಂದಿದ್ದು ಒಂದ್ ಒಲೆ ಕಣವ್ವ. ಅದ್ರ ಮುಂದೆ ಒಬ್ಬಳು ಕುಂತಿದ್ಲು. ನಾ ಬತ್ತೀನಿ ಅಂತ ಬೆಂಕಿ ಆರ್ದಂಗೆ ನೋಡ್ಕತಿದ್ಲು. ನಾ ಹೋಗ್ಲಿಲ್ಲ. ಬೆಂಕಿ ಇನ್ನೂ ಉರೀತಾ ಇದ್ರೆ ಅದ್ನ ನೋಡೋ ಧೈರ್ಯ ನಂಗಿಲ್ಲ. ಆರೋಗಿದ್ರೆ ಅದ್ನ ನೋಡೋ ಧೈರ್ಯನೂ ಇಲ್ಲ. ಅದ್ಕೇ ಇಲ್ಲಿ ನಿಂತೀವ್ನಿ. ನಿಮ್ನ ತಡ್ಯಕ್ಕಲ್ಲ. ನಾ ಹೋಗ್ದೆ ಇರಕ್ಕೆ."

ಇನ್ನೂ ಇತ್ತು ಮಾತು. ಎಲ್ಲವನ್ನೂ ಹೇಳಿದ, ಒಂದಕ್ಷರ ಬಿಡದೆ. ಮೇಷ್ಟ್ರ ಕೈ ಹಾರ್ಮೋನಿಯಂ ಮೇಲೆ ಹಾಗೇ ನಿಂತಿತ್ತು. ಎದ್ದು ಅವನನ್ನು ಕೂರಿಸಲೇ ಅನ್ನಿಸಿತು ನನಗೆ. ಆದರೆ ಏಳಲಿಲ್ಲ. ಅವನು ನನ್ನ ತಂಗಿಯ ಒಲೆಯ ಮುಂದೆ ನಿಂತಿದ್ದಾನೆ ಅಂತ ನನಗೆ ಗೊತ್ತಿತ್ತು. ಮೊಮ್ಮಗಳು ಮೇಡಂ ಮುಖವನ್ನೇ ನೋಡುತ್ತಿದ್ದಳು. ಹೇಳಿ ಮುಗಿಸಿ ಅವನು ಟವೆಲಿನಿಂದ ಮುಖ ಒರೆಸಿಕೊಂಡು ಕೂತ. ಕಿಟಕಿಯ ಹತ್ತಿರ ಯಾರೋ ಹೆಂಗಸು ಮೂಗೆಳೆದಳು.

ಮೇಡಂ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಮೊಮ್ಮಗಳನ್ನು ಕೇಳಿದರು. "ಈ ಭಾಗ ಸಿನಿಮಾದಲ್ಲಿ ಇದೆಯೇನಮ್ಮ?"

ಹೂಂ ಅಂದಿದ್ದರೆ ಆಗುತ್ತಿತ್ತು. ಅವರ ಮುಖ ನೋಡಿದವರಿಗೆ ಯಾರಿಗಾದರೂ ತಿಳಿಯುತ್ತಿತ್ತು, ಅವರು ಕರಗಿದ್ದರು. ಹೂಂ ಅಂದು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿಸಿಕೊಂಡು ಆಮೇಲೆ ಏನಾದರೂ ಮಾಡಬಹುದಿತ್ತು. ಬಾಗಿಲಲ್ಲಿ ನಿಂತವರೆಲ್ಲ ಅದನ್ನೇ ಹೇಳು ಅನ್ನುವಂತೆ ಅವಳನ್ನು ನೋಡಿದರು. ನಿಜ ಹೇಳುತ್ತೇನೆ, ನಾನೂ ಹಾಗೇ ನೋಡಿದೆ. ಅವಳ ಎಳೆಯ ವಯಸ್ಸೆಲ್ಲ ಆ ಒಂದು ಮಾತಿನ ತುದಿಯಲ್ಲಿ ನೇತಾಡುತ್ತಿತ್ತು.

"ಇಲ್ಲ ಮೇಡಂ," ಅಂದಳು. "ತೆಗೆದಿದ್ದೀನಿ."

"ಯಾಕೆ?"

"ಅದನ್ನ ಕೇಳಿದ ಮೇಲೆ ಹುಡುಗಿ ಅಲ್ಲಿಂದ ಏಳಲ್ಲ ಮೇಡಂ. ಎಷ್ಟು ಸಲ ಬರೆದ್ರೂ ಅವನ ಪಕ್ಕದಲ್ಲೇ ಕೂತ್ಬಿಡ್ತಾಳೆ. ಆರನೇ ಕಣಿವೆಗೆ ನಾನು ಅವಳನ್ನ ಎಳ್ಕೊಂಡು ಹೋಗ್ಬೇಕಾಗುತ್ತೆ. ಎಳೆದದ್ದು ನೋಡೋರಿಗೆ ಗೊತ್ತಾಗುತ್ತೆ."

ಮೇಡಂ ಕಾವಲುಗಾರನ ದನಿ ಬಂದ ಕಡೆಗೆ, ಕಂಬದ ಕಡೆಗೆ ಮುಖ ತಿರುಗಿಸಿ, ತೆಗೆದದ್ದು ನಿಮಗೆ ಗೊತ್ತಿತ್ತೇ ಎಂದು ಅವನನ್ನು ಕೇಳಿದರು.

"ಗೊತ್ತಿತ್ತು ಅವ್ವಾರೆ," ಅಂದ. "ಕೂಸು ಮನೆಗೇ ಬಂದು ಹೇಳ್ತು. ಬ್ಯಾಸ್ರಾಯ್ತು, ಇಲ್ಲ ಅನ್ನಾಕಿಲ್ಲ. ಆದ್ರೆ ಈಗ ನಾನು ಸಿನ್ಮಾಕ್ಕೆ ಅಂತ ಹೇಳ್ನಿಲ್ಲ. ವೀಳ್ಯ ಹಿಡಿದಿದ್ದೆ. ಹಿಡಿದ್ಮ್ಯಾಲೆ ಒಂದ್ಸಲನಾದ್ರೂ ನಾಕು ಜನದ ಮುಂದೆ ಹೇಳ್ಬೇಕು. ಹೇಳ್ಬುಟ್ಟೆ. ಇನ್ ಕೂಸು ತನ್ನ ದಾರಿ ನೋಡ್ಕಳ್ಳಿ, ಬ್ಯಾಡ ಅನ್ನಾಕಿಲ್ಲ."

ಆಗ ಮೇಡಂ ತಮ್ಮ ವಿಷಯ ಹೇಳಿದರು. ಆ ಅಧ್ಯಾಯ ಬರೆದದ್ದು ಅವರ ಯಜಮಾನರು ಹೋದ ವರ್ಷವಂತೆ. ಬರೆದ ಮೇಲೆ ಕಥೆ ಅಲ್ಲೇ ನಿಂತುಹೋಯಿತಂತೆ. ದಿನಾ ಮೇಜಿನ ಮುಂದೆ ಕೂತರೂ ಆ ಹುಡುಗಿ ಕಾವಲುಗಾರನ ಪಕ್ಕದಿಂದ ಎದ್ದು ಬರುತ್ತಿರಲಿಲ್ಲವಂತೆ. ಮಳೆಗಾಲ ಬಂದು ಹೋಗಿ, ಮತ್ತೊಂದು ಮಳೆಗಾಲ ಬಂದ ಮೇಲೆ ಹೇಗೋ ಅವಳನ್ನು ಎಬ್ಬಿಸಿದರಂತೆ. "ಎಳೆದುಕೊಂಡೇ ಹೋದದ್ದು," ಅಂದರು. "ಓದಿದವರು ಯಾರೂ ಕಂಡುಹಿಡಿಯಲಿಲ್ಲ. ನೀನು ಹಿಡಿದೆ."

ಮುಂದಕ್ಕೆ ಓದಿ ಎಂದು ಕೈಯಲ್ಲೇ ಹೇಳಿದರು. ಮೊಮ್ಮಗಳು ಬಿಟ್ಟ ಜಾಗದಿಂದ ಹಿಡಿದಳು: ಹುಡುಗಿ ಕಮಾನು ದಾಟುತ್ತಾಳೆ, ಸಂಜೆಯಾಗುತ್ತಿದೆ. ಈಗ ಅದು ಮೊದಲಿನ ಹಾಗೆ ಕೇಳಿಸಲಿಲ್ಲ. ಒಬ್ಬ ಮನುಷ್ಯನನ್ನು ಹಿಂದೆ ಬಿಟ್ಟು ನಡೆದ ಹಾಗೆ ಕೇಳಿಸಿತು. ಊಟದ ಹೊತ್ತು ಮೀರಿತು, ಯಾರೂ ಏಳಲಿಲ್ಲ. ಕೊನೆಯಲ್ಲಿ ನನ್ನ ಒಂದು ಮಾತು ಬಂದಾಗ ನನಗೆ ದನಿ ಹೊರಡದೆ ಎರಡು ಸಲ ಕೆಮ್ಮಿ ಹೇಳಬೇಕಾಯಿತು. ಬಂಡೆ ಎಚ್ಚರವಾಗುವಾಗ ಹಾಗೇ ಕೆಮ್ಮುತ್ತದೆ ಅಂತ ಮೇಡಂ ಅಂದುಕೊಂಡರಂತೆ, ಆಮೇಲೆ ತಿಳಿಯಿತು.

ಮುಗಿದ ಮೇಲೆ ಮೇಡಂ ಕಾಗದ ಎಲ್ಲಿ ಅಂದರು. ಮೊಮ್ಮಗಳು ಅವರ ಬೆರಳು ಹಿಡಿದು ಸಹಿಯ ಜಾಗ ತೋರಿಸಿದಳು. ಸಹಿ ಹಾಕಿ, "ಕಾವಲುಗಾರ ಪುಸ್ತಕದಲ್ಲಿ ಇರಲಿ. ಬೇಕಾದವರು ಅಲ್ಲಿಗೇ ಹೋಗಿ ಅವನ ಪಕ್ಕ ಕೂರಲಿ. ನೀನು ನಡಿ," ಅಂದರು. ಮೊಮ್ಮಗಳು ನಗಲೂ ಇಲ್ಲ, ಅಳಲೂ ಇಲ್ಲ. ಆ ಕಾಗದ ನನ್ನ ಕೈಗೆ ಕೊಟ್ಟು ಕಂಬದ ಹತ್ತಿರ ಹೋಗಿ ಅವನ ಪಾದದ ಹತ್ತಿರ ಕೂತಳು. ಅವನು ಅವಳ ತಲೆಯ ಮೇಲೆ ಕೈಯಿಟ್ಟುಕೊಂಡೇ ಮೀಸೆಯ ಗೌಡರಿಗೆ, ಯಜಮಾನ್ರೆ, ಇನ್ನಾದ್ರೂ ರಾಣಿಗಿರಿ ಬುಟ್ಟು ಊಟಕ್ಕೆಬ್ಬಿಸಿ ಎಂದ. ಅವತ್ತಿನಿಂದ ಅವನ ಬಾಯಿ ನಿಂತಿಲ್ಲ. ಈಗ ಸುಮ್ಮನಿರಿಸುವುದೇ ಕಷ್ಟ.

ರಾಮನಗರದ ಬಂಡೆಗಳ ನಡುವೆ ಶೂಟಿಂಗ್ ಶುರುವಾದಾಗ ಮೊಮ್ಮಗಳು ನಮ್ಮಿಬ್ಬರನ್ನೂ ಕರೆಸಿಕೊಂಡಳು. ಬಿಸಿಲಿಗೆ ಬಂಡೆ ಹೊಳೆಯುತ್ತಿತ್ತು. ಅವಳು ತಲೆಗೆ ಟವೆಲು ಸುತ್ತಿಕೊಂಡು, ಅಷ್ಟು ಜನ ಗಂಡಸರಿಗೆ ಮೆಲ್ಲಗೆ ಮಾತಾಡಿಯೇ ಕೆಲಸ ಹೇಳುತ್ತಿದ್ದಳು. ಅವತ್ತು ಐದನೇ ಕಣಿವೆ. ಕುರಿ ಹುಡುಗಿಯ ವೇಷದವಳು ಕಲ್ಲಿನ ಕಮಾನಿನ ಕೆಳಗೆ ಹಾದು ಆಚೆ ಹೋದಳು. ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು. ಅಲ್ಲಿ ಯಾರೂ ಇರಲಿಲ್ಲ, ಬರೀ ಕಲ್ಲು, ಒಂದಿಷ್ಟು ಗಾಳಿ.

"ನಿಲ್ಲಲೇ ಇಲ್ಲ ನೋಡ್ ಭಾವ," ಅಂದ ತಂಗಿಯ ಗಂಡ. ಆಕಾಶದ ಕಡೆ ನೋಡಿ, "ನಿಂತಿದ್ರೆ ಕತ್ಲಾಗ್ಬುಡದು ಅವ್ಳಿಗೆ," ಅಂದ.

ನಾನು ಮೊಮ್ಮಗಳನ್ನೇ ನೋಡುತ್ತಿದ್ದೆ. ಅವಳು ಆ ಖಾಲಿ ಕಮಾನನ್ನು ನೋಡುತ್ತಾ ನಿಂತಿದ್ದಳು, ಆಮೇಲೆ ಆಗಲಿ, ಮುಂದಿನದು ಎಂದು ತಿರುಗಿದಳು. ಎದೆಯಲ್ಲಿ ಹಿಡಿಸದ ಹಾಗಾಯಿತು ನನಗೆ. ಊಟ ಬಡಿಸುತ್ತಿದ್ದ ಹೆಂಗಸಿನ ಹತ್ತಿರ ಹೋಗಿ, ಅಗೋ ಅವಳು ನನ್ನ ಮೊಮ್ಮಗಳು ಕಣಮ್ಮ ಎಂದೆ.

"ಗೊತ್ತು ಕಣಪ್ಪೋ," ಅಂದಳು ಅವಳು. "ಮುದ್ದೆ ಇಕ್ಕುವಾಗ್ಲೂ ಹೇಳಿದ್ರಿ, ಸಾರು ಬುಡುವಾಗ್ಲೂ ಹೇಳಿದ್ರಿ."